ಗುಮಾಸ್ತನಿಗೊಂದು ಬಾಗಿಲು, ಯಜಮಾನರಿಗೊಂದು: ಡೆಸ್ಕ್‌ಟಾಪಾ, ಬ್ರೌಸರಾ?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇಟ್ಟಿರುವ ಯಜಮಾನರೊಬ್ಬರು ಹೋದ ವಾರ ಫೋನ್ ಮಾಡಿದ್ದರು. "ನೋಡಿ ಸಾರ್, ನಮ್ ಗುಮಾಸ್ತ ಕಂಪ್ಯೂಟರ್‌ಗೇ ಹಾಕೋ ಸಾಫ್ಟ್‌ವೇರ್ ಬೇಕು ಅಂತಾನೆ. ಬೆಂಗಳೂರಲ್ಲಿರೋ ಮಗ, ಈಗೆಲ್ಲಾ ಆನ್‌ಲೈನು, ಬ್ರೌಸರ್‌ನಲ್ಲಿ ತೆರೆಯೋದೇ ಮಾಡ್ಸಿ ಅಂತಾನೆ. ಯಾರ್ ಮಾತ್ ಕೇಳ್ಲಿ?" ಅದೇ ವಾರ ತುಮಕೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಸ್ವಂತವಾಗಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಲು ಹೊರಟಿರುವ ಹುಡುಗನ ಮೆಸೇಜು: "ಅಣ್ಣ, ಎಲೆಕ್ಟ್ರಾನ್ ಕಲೀಲಾ, ಫ್ಲಟರ್ ಕಲೀಲಾ, ಸುಮ್ನೆ ವೆಬ್‌ಸೈಟ್ ಮಾಡ್ಬಿಡ್ಲಾ?" ಎಲೆಕ್ಟ್ರಾನ್, ಫ್ಲಟರ್ ಎರಡೂ ಸಾಫ್ಟ್‌ವೇರ್ ಕಟ್ಟುವ ಸಲಕರಣೆಗಳು.

ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ. ಯಜಮಾನರಿಗೆ ನಾನು ಹೇಳಿದ್ದು: ಗುಮಾಸ್ತನೂ ಸರಿ, ಮಗನೂ ಸರಿ. ಅವರಿಬ್ಬರೂ ಒಂದೇ ಕೆಲಸದ ಬಗ್ಗೆ ಮಾತಾಡುತ್ತಿಲ್ಲ, ಅಷ್ಟೆ. ಗುಮಾಸ್ತನಿಗೆ ಬೇಕಿರುವುದು ಹರಾಜು ಮುಗಿಯುತ್ತಿದ್ದಂತೆ ಎದುರಿಗೆ ನಿಂತ ರೈತನ ಕೈಗೆ ಪಟ್ಟಿ ಕೊಡುವ ಯಂತ್ರ. ಮಗನಿಗೆ ಬೇಕಿರುವುದು ಎಷ್ಟು ಬಾಕ್ಸ್ ಬಂತು, ಯಾವ ವ್ಯಾಪಾರಿಯ ಬಾಕಿ ಎಷ್ಟು ಎಂದು ದೂರದಿಂದ ನೋಡಲು ಒಂದು ಕಿಟಕಿ. ಎರಡನ್ನೂ ಒಂದೇ ಸಾಫ್ಟ್‌ವೇರ್ ಕೊಡಬಹುದು. ಹೇಗೆ ಕಟ್ಟಬೇಕು ಅನ್ನುವುದರ ಮೇಲೆ ಖರ್ಚೂ ತಲೆನೋವೂ ನಿಂತಿವೆ.

ಏನನ್ನು ನೋಡಿ ಅಳೆಯಬೇಕು

ನಾನು ಹೊಸ ಗಿರಾಕಿಯ ಅಂಗಡಿಗೆ ಹೋದರೆ ಮಾನಿಟರ್ ನೋಡುವ ಮೊದಲು ಸಿಪಿಯು ಹಿಂಬದಿ ನೋಡುತ್ತೇನೆ. ಅಲ್ಲಿ ಏನೇನು ಚುಚ್ಚಿದ್ದಾರೆ ಅನ್ನುವುದೇ ಅರ್ಧ ಉತ್ತರ. ಬರೀ ಪ್ರಿಂಟರ್ ಇದ್ದರೆ ಒಂದು ದಾರಿ. ತೂಕದ ಯಂತ್ರದಿಂದ ಅಂಕಿ ತರುವ ಸೀರಿಯಲ್ ಕೇಬಲ್ ಬಂದಿದ್ದರೆ ಇನ್ನೊಂದು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಬಾರ್‌ಕೋಡ್ ರೀಡರ್, ಕ್ಯಾಷ್ ಡ್ರಾಯರ್ ಎಲ್ಲ ಸೇರಿದ್ದರೆ ಮತ್ತೊಂದು. ಬಾರ್‌ಕೋಡ್ ರೀಡರ್ ಬಗ್ಗೆ ಮಾತ್ರ ಹೆದರಬೇಡಿ. ಅದು ಕಂಪ್ಯೂಟರಿನ ಪಾಲಿಗೆ ಇನ್ನೊಂದು ಕೀಬೋರ್ಡ್, ಬ್ರೌಸರಿನಲ್ಲೂ ಸಲೀಸಾಗಿ ನಡೆಯುತ್ತದೆ.

ಎರಡನೆಯದು, ನೆಟ್ ಹೋದರೆ ಎಷ್ಟು ಹೊತ್ತು ಸುಮ್ಮನೆ ಕೂರಬಹುದು? ವಸಂತನರಸಾಪುರದ ಒಂದು ಸಣ್ಣ ಕಾರ್ಖಾನೆಗೆ ದಿನಕ್ಕೆ ಹತ್ತು ಬಿಲ್. ಅಲ್ಲಿ ಅರ್ಧ ಗಂಟೆ ನೆಟ್ ಇಲ್ಲದಿದ್ದರೆ ಕಾಫಿ ಕುಡಿದು ಬರುತ್ತಾರೆ. ಮಂಡಿಯಲ್ಲಿ ಐದು ನಿಮಿಷ ನಿಂತರೆ ರೈತರ ಸಾಲು ಬಾಗಿಲು ದಾಟಿ ಗಲಾಟೆ ಶುರು.

ಮೂರನೆಯದು ಕಂಪ್ಯೂಟರಿನ ವಯಸ್ಸು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಆದರೂ ವಿಂಡೋಸ್ 7 ಓಡುವ ಪೆಟ್ಟಿಗೆಗಳನ್ನು ನಮ್ಮ ಊರುಗಳ ಅಂಗಡಿಗಳಲ್ಲಿ ನಾನು ಇವತ್ತೂ ನೋಡುತ್ತಿದ್ದೇನೆ. ಅವುಗಳಲ್ಲಿ ಕ್ರೋಮ್ 109ಕ್ಕೇ ನಿಂತುಹೋಗಿದೆ, ಎಲೆಕ್ಟ್ರಾನ್ 22ಕ್ಕೆ. ಇದನ್ನು ನೋಡದೆ ತಂತ್ರಜ್ಞಾನ ಆರಿಸಿಕೊಂಡವನು ಇನ್‌ಸ್ಟಾಲ್ ಮಾಡುವ ದಿನ ಬೆವರುತ್ತಾನೆ.

ನಾಲ್ಕನೆಯದು ಕನ್ನಡ. ಇದನ್ನು ಎಲ್ಲರೂ ಕೊನೆಗೆ ನೆನಪಿಸಿಕೊಳ್ಳುತ್ತಾರೆ, ಆದ್ದರಿಂದ ಕೆಳಗೆ ಬೇರೆಯಾಗಿ ಬರೆದಿದ್ದೇನೆ. ಐದನೆಯದು, ಇನ್ನು ಐದು ವರ್ಷಕ್ಕೆ ಇದನ್ನು ರಿಪೇರಿ ಮಾಡಲು ಇಲ್ಲೇ ಹತ್ತಿರದಲ್ಲಿ ಹುಡುಗರು ಸಿಗುತ್ತಾರಾ ಅನ್ನುವುದು. ದುಡ್ಡಿನ ಮಾತು ಇವುಗಳ ಜೊತೆಗೇ ಬರುತ್ತದೆ.

ಹಳೇ ದಾರಿ: ಅಪ್ಪಟ ಡೆಸ್ಕ್‌ಟಾಪ್

ಸಿ ಶಾರ್ಪ್ ಭಾಷೆಯಲ್ಲಿ, ವಿಂಡೋಸ್ ಪರದೆಗಳನ್ನು ಕಟ್ಟುವ ವಿನ್‌ಫಾರ್ಮ್ಸ್ ಬಳಸಿ ಬರೆದು, ಎಸ್‌ಕ್ಯೂಲೈಟ್ ಅಥವಾ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸಿನಲ್ಲಿ ಲೆಕ್ಕ ಇಡುವುದು. ಹೊಸ ಹುಡುಗರು ಇದನ್ನು ಕೇಳಿದರೆ ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಇದಕ್ಕೆ ಆಧಾರವಾದ ಡಾಟ್ ನೆಟ್ ಫ್ರೇಮ್‌ವರ್ಕ್ 4.8 ವಿಂಡೋಸ್ 7ರಲ್ಲೂ ಓಡುತ್ತದೆ, 11ರಲ್ಲೂ ಓಡುತ್ತದೆ. ಸೀರಿಯಲ್ ಪೋರ್ಟಿನಿಂದ ತೂಕ ಓದುವುದು ನಾಲ್ಕು ಸಾಲಿನ ಕೆಲಸ. ಪ್ರಿಂಟರ್‌ಗೆ ನೇರವಾಗಿ ಕಳಿಸಬಹುದು, ಮಧ್ಯೆ ಯಾವ ಕಿಟಕಿಯೂ ಎದ್ದು "ಪ್ರಿಂಟ್ ಮಾಡಲಾ?" ಎಂದು ಕೇಳುವುದಿಲ್ಲ. ಕೀಲಿಗಳೂ ನಮ್ಮ ಹಿಡಿತದಲ್ಲಿರುತ್ತವೆ.

ಕೀಲಿಯ ವಿಷಯ ಸಣ್ಣದಲ್ಲ. ನಮ್ಮ ಕಡೆಯ ಗುಮಾಸ್ತರ ಬೆರಳು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪಳಗಿವೆ. ಟ್ಯಾಲಿಯಲ್ಲಿ ಕಂಟ್ರೋಲ್ ಜೊತೆ ಎ ಒತ್ತಿದರೆ ವೋಚರ್ ಸೇವ್. ನಾನು ಮೊದಲ ಬಾರಿ ಬ್ರೌಸರಿನಲ್ಲಿ ಬಿಲ್ಲಿಂಗ್ ಮಾಡಿ ತಿಪಟೂರಿನ ಕೊಬ್ಬರಿ ವರ್ತಕರೊಬ್ಬರಿಗೆ ಕೊಟ್ಟಾಗ, ಅವರ ಗುಮಾಸ್ತ ಬಿಲ್ ತುಂಬಿ ಅಭ್ಯಾಸಬಲದಿಂದ ಅದನ್ನೇ ಒತ್ತಿದ. ಪರದೆಯೆಲ್ಲ ನೀಲಿ. ಬ್ರೌಸರಿಗೆ ಅದು "ಎಲ್ಲವನ್ನೂ ಆರಿಸು" ಅನ್ನುವ ಆಜ್ಞೆ. ಹೆದರಿ ಎಸ್ಕೇಪ್ ಒತ್ತಿದ, ಏನೂ ಆಗಲಿಲ್ಲ. ಕೊನೆಗೆ ಕಂಟ್ರೋಲ್ ಡಬ್ಲ್ಯೂ ಒತ್ತಿಬಿಟ್ಟ, ಟ್ಯಾಬೇ ಮಾಯ, ಬಿಲ್ಲೂ ಮಾಯ. ಎ ಕೀಲಿಯನ್ನು ಕೋಡ್ ಬರೆದು ಹಿಡಿದುಕೊಳ್ಳಬಹುದು. ಡಬ್ಲ್ಯೂ, ಟಿ, ಎನ್ ಮೂರನ್ನು ಮಾಮೂಲಿ ಟ್ಯಾಬಿನಲ್ಲಿ ಬ್ರೌಸರ್ ಬಿಟ್ಟುಕೊಡುವುದಿಲ್ಲ.

ಡೆಸ್ಕ್‌ಟಾಪಿನ ಕಷ್ಟ ಇರುವುದು ದೂರದಲ್ಲಿ. ಜಿಎಸ್‌ಟಿ 2017ರ ಜುಲೈ 1ರಂದು ಬಂದಾಗ ನಾನು ಪೆನ್‌ಡ್ರೈವ್ ಜೇಬಿಗಿಟ್ಟುಕೊಂಡು ತುಮಕೂರಿನಿಂದ ಮೆಜೆಸ್ಟಿಕ್, ಅಲ್ಲಿಂದ ಕೋಲಾರ ಎಂದು ಬಸ್ ಹತ್ತಿ ಅಂಗಡಿ ಅಂಗಡಿಗೆ ಹೊಸ ಆವೃತ್ತಿ ಹಾಕಿ ಬಂದಿದ್ದೇನೆ. ಈಗ ಕ್ಲಿಕ್‌ಒನ್ಸ್ ಥರದ ತಾನೇ ಅಪ್‌ಡೇಟ್ ಆಗುವ ವ್ಯವಸ್ಥೆ ಇಟ್ಟರೆ ಆ ಓಡಾಟ ಇಲ್ಲ. ಆದರೆ ತಯಾರಿಸಿದವರ ಡಿಜಿಟಲ್ ಸಹಿ ಇಲ್ಲದ ಫೈಲ್ ಕಂಡರೆ ವಿಂಡೋಸ್ ನೀಲಿ ಎಚ್ಚರಿಕೆ ತೋರಿಸುತ್ತದೆ. ಸಹಿಯ ಪ್ರಮಾಣಪತ್ರಕ್ಕೆ ವರ್ಷ ವರ್ಷ ದುಡ್ಡು ಕಟ್ಟಬೇಕು, 2023ರ ಜೂನ್‌ನಿಂದ ಅದರ ಕೀಲಿಯನ್ನು ಟೋಕನ್‌ನಂಥ ಹಾರ್ಡ್‌ವೇರಿನಲ್ಲೇ ಇಡಬೇಕೆಂಬ ನಿಯಮವೂ ಸೇರಿದೆ. ಇನ್ನು ಮಗ ಬೆಂಗಳೂರಿನಿಂದ ನೋಡಬೇಕೆಂದರೆ? ನೋಡಲಾಗದು. ಅದಕ್ಕೆ ಬೇರೆಯದೇ ಕಟ್ಟಬೇಕು.

ಕೆಲವರು ಇದಕ್ಕೊಂದು ಅಡ್ಡದಾರಿ ಹಿಡಿಯುತ್ತಾರೆ: ಹಳೇ ಸಾಫ್ಟ್‌ವೇರನ್ನೇ ಒಂದು ಸರ್ವರಿನಲ್ಲಿ ಕೂರಿಸಿ, ದೂರದಿಂದ ಆ ಸರ್ವರಿನ ಪರದೆಯನ್ನೇ ತೋರಿಸುವ ರಿಮೋಟ್ ಡೆಸ್ಕ್‌ಟಾಪಿನಲ್ಲಿ ತೆರೆಯುವುದು. ಒಂದು ಸಾಲು ಕೋಡ್ ಬದಲಿಸದೆ ನಾಳೆಯೇ ಶುರು ಮಾಡಬಹುದು ಅನ್ನುವುದು ನಿಜ. ತಲೆಗೊಂದು ಲೈಸೆನ್ಸ್ ಬೇಕು, ಪ್ರಿಂಟರ್ ದಿನಕ್ಕೊಂದು ಸಲ ಮುನಿಸಿಕೊಳ್ಳುತ್ತದೆ, ಅದರ ದಾರಿಯಾದ 3389ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟರಂತೂ ಡೇಟಾಕ್ಕೆ ಬೀಗ ಜಡಿದು ದುಡ್ಡು ಕೇಳುವ ರ‍್ಯಾನ್ಸಂವೇರ್ ಕಳ್ಳರಿಗೆ ಬಾಗಿಲು ತೆಗೆದು ಎಲೆ ಅಡಿಕೆ ಇಟ್ಟಂತೆ. ಆರು ತಿಂಗಳ ತೇಪೆಗೆ ಆದೀತು.

ಅಪ್ಪಟ ಬ್ರೌಸರ್

ಇನ್ನೊಂದು ತುದಿ. ಪಿಎಚ್‌ಪಿ, ಪೈಥಾನ್, ಡಾಟ್ ನೆಟ್, ಯಾವುದರಲ್ಲಾದರೂ ಸರ್ವರ್ ಬರೆದು ಬಾಡಿಗೆ ಸರ್ವರಿನಲ್ಲಿ ಇಡುವುದು. ಅಪ್‌ಡೇಟ್ ಅಂದರೆ ಒಂದೇ ಕಡೆ, ಒಂದೇ ಸಲ. ಶಿರಾ, ಮಧುಗಿರಿ, ಪಾವಗಡ ಸುತ್ತುವ ಸೇಲ್ಸ್ ಹುಡುಗರು ಮೊಬೈಲಿನಲ್ಲೇ ಆರ್ಡರ್ ಹಾಕಬಹುದು. ಆಡಿಟರ್ ತಮ್ಮ ಕಚೇರಿಯಲ್ಲೇ ಕೂತು ರಿಪೋರ್ಟ್ ತೆಗೆದುಕೊಳ್ಳಬಹುದು. ಸಣ್ಣ ಗಿರಾಕಿಗಳ ಸರ್ವರಿಗೆ ನಾನು ಕಟ್ಟುತ್ತಿರುವುದು ತಿಂಗಳಿಗೆ 500ರಿಂದ 1,500 ರೂಪಾಯಿ. ಇದನ್ನು ಗಿರಾಕಿಗೆ ಮೊದಲೇ ಹೇಳಿ. "ಒಂದ್ಸಲ ದುಡ್ಡು ಕೊಟ್ರೆ ಮುಗೀತಲ್ವಾ?" ಅನ್ನುವವರು ನಮ್ಮಲ್ಲಿ ಜಾಸ್ತಿ. ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಲೆಕ್ಕದ ಬ್ಯಾಕಪ್ ದಿನವೂ ಭಾರತದಲ್ಲಿರುವ ಸರ್ವರಿನಲ್ಲೇ ಇರಬೇಕೆಂಬ ನಿಯಮವಿದೆ. ಏನೇ ತಿದ್ದಿದರೂ ಅದರ ಜಾಡು ಉಳಿಯಬೇಕೆಂಬುದು 2023ರ ಏಪ್ರಿಲ್ 1ರಿಂದ ಕಡ್ಡಾಯ. ಅಗ್ಗಕ್ಕೆ ಸಿಗುತ್ತದೆಂದು ಹೊರದೇಶದ ಸರ್ವರಿನಲ್ಲಿ ಇಡುವ ಮೊದಲು ಆಡಿಟರನ್ನು ಕೇಳಿ.

ಕೊರತೆ ಇರುವುದು ಕೌಂಟರಿನಲ್ಲಿ. ನೆಟ್ ಹೋದರೆ ಕೈಕಟ್ಟಿ ಕೂರಬೇಕು. ತೂಕದ ಯಂತ್ರವನ್ನು ಬ್ರೌಸರಿನಿಂದ ಓದಲು ವೆಬ್ ಸೀರಿಯಲ್ ಎಂಬ ದಾರಿ 2021ರಲ್ಲಿ ಕ್ರೋಮ್ 89ರೊಂದಿಗೆ ಬಂತು, ಎಡ್ಜ್‌ನಲ್ಲೂ ಇದೆ. ಸಫಾರಿಯಲ್ಲಿ ಇಲ್ಲ. ಅಂಗಡಿಗೆ ಕ್ರೋಮ್ ಕಡ್ಡಾಯ ಮಾಡಲು ನಿಮಗೆ ಅಡ್ಡಿ ಇಲ್ಲದಿದ್ದರೆ ಇದು ಚೆನ್ನಾಗಿ ನಡೆಯುತ್ತದೆ, ನಾನು ಎರಡು ಕಡೆ ಹಾಕಿದ್ದೇನೆ. ಪ್ರಿಂಟಿಗೆ ಪ್ರತಿ ಸಲ ಡಬ್ಬಿ ಏಳದಿರಲು ಕ್ರೋಮನ್ನು ಕಿಯೋಸ್ಕ್ ಪ್ರಿಂಟಿಂಗ್ ಎಂಬ ಸೂಚನೆಯೊಂದಿಗೆ ತೆರೆಯುವ ಶಾರ್ಟ್‌ಕಟ್ ಮಾಡಿಟ್ಟರೆ ಸಾಕು. ಯಾರಾದರೂ ಆ ಶಾರ್ಟ್‌ಕಟ್ ಬಿಟ್ಟು ಬೇರೆ ಕಡೆಯಿಂದ ಕ್ರೋಮ್ ತೆರೆದರೆ "ಸಾರ್, ಪ್ರಿಂಟರ್ ಕೆಟ್ಟೋಯ್ತು" ಎಂದು ಫೋನ್ ಬರುತ್ತದೆ. ಕೆಟ್ಟಿರುವುದಿಲ್ಲ.

ಇದರ ತಮ್ಮ ಪಿಡಬ್ಲ್ಯೂಎ. ವೆಬ್‌ಸೈಟನ್ನೇ ಕ್ರೋಮ್ ಅಥವಾ ಎಡ್ಜ್‌ನಿಂದ ಇನ್‌ಸ್ಟಾಲ್ ಮಾಡಿ, ಡೆಸ್ಕ್‌ಟಾಪಿನಲ್ಲಿ ಐಕಾನ್ ಬರುವಂತೆ ಮಾಡುವುದು. ನೆಟ್ ಇಲ್ಲದಾಗ ಬ್ರೌಸರಿನೊಳಗಿನ ಇಂಡೆಕ್ಸ್ಡ್‌ಡಿಬಿ ಎಂಬ ಉಗ್ರಾಣದಲ್ಲಿ ಬಿಲ್ ಇಟ್ಟುಕೊಂಡು, ಬಂದಾಗ ಸರ್ವರಿಗೆ ಕಳಿಸುತ್ತದೆ. ಖರ್ಚು ಕಮ್ಮಿ, ಫಲ ಚೆನ್ನಾಗಿದೆ. ಆದರೆ ಆ ಬಿಲ್ಲುಗಳು ಕೂತಿರುವುದು ಬ್ರೌಸರಿನ ಮಡಿಲಲ್ಲಿ. ಯಾರೋ ಒಬ್ಬ "ಕಂಪ್ಯೂಟರ್ ಸ್ಲೋ ಆಗಿದೆ" ಎಂದು ಬ್ರೌಸಿಂಗ್ ಡೇಟಾ ಅಳಿಸಿದರೆ ಕಳಿಸದೆ ಉಳಿದಿದ್ದ ಬಿಲ್ಲುಗಳೂ ಹೋದವು. ಹತ್ತು ನಿಮಿಷದ ನೆಟ್ ಕಡಿತಕ್ಕೆ ಇದನ್ನು ನಂಬುತ್ತೇನೆ. ದಿನವಿಡೀ ನೆಟ್ ಇಲ್ಲದ ಕಡೆ ನಂಬುವುದಿಲ್ಲ.

ನಡುವಿನವು

ಎಲೆಕ್ಟ್ರಾನ್ ಅಂದರೆ ವೆಬ್ ಪುಟವನ್ನೇ ಕ್ರೋಮಿಯಂ (ಕ್ರೋಮಿನ ಮೂಲ ಬ್ರೌಸರ್) ಸಮೇತ ಪೊಟ್ಟಣ ಕಟ್ಟಿ ಡೆಸ್ಕ್‌ಟಾಪ್ ಪ್ರೋಗ್ರಾಂ ಮಾಡುವುದು. 2013ರಲ್ಲಿ ಗಿಟ್‌ಹಬ್‌ನವರು ತಮ್ಮ ಆಟಂ ಎಡಿಟರಿಗೆಂದು ಶುರು ಮಾಡಿದ್ದು. ವಿಎಸ್ ಕೋಡ್ ಓಡುವುದೂ ಇದರ ಮೇಲೇ. ಒಂದೇ ಜಾವಾಸ್ಕ್ರಿಪ್ಟ್ ಕೋಡ್ ಬ್ರೌಸರಿಗೂ ಆಯಿತು, ಕೌಂಟರಿಗೂ ಆಯಿತು. ಎಸ್‌ಕ್ಯೂಲೈಟ್, ಸೀರಿಯಲ್ ಪೋರ್ಟ್, ಸದ್ದಿಲ್ಲದ ಪ್ರಿಂಟ್ ಎಲ್ಲ ಸಿಗುತ್ತವೆ. ತುಮಕೂರಿನಲ್ಲಿ ಜಾವಾಸ್ಕ್ರಿಪ್ಟ್ ಗೊತ್ತಿರುವ ಹುಡುಗರಿಗೆ ಬರವೂ ಇಲ್ಲ. ಬೆಲೆ ತೆರುವುದು ತೂಕದಲ್ಲಿ: ಇನ್‌ಸ್ಟಾಲರ್ 100 ಎಂಬಿ ಆಸುಪಾಸು, 4 ಜಿಬಿ ರ‍್ಯಾಮಿನ ಯಂತ್ರದಲ್ಲಿ ಟ್ಯಾಲಿ, ಕ್ರೋಮ್ ಜೊತೆ ಇದೂ ಕೂತರೆ ಏದುಸಿರು.

ಟೌರಿ ಅದೇ ಕೆಲಸವನ್ನು ಹಗುರವಾಗಿ ಮಾಡುತ್ತದೆ. ಕ್ರೋಮಿಯಂ ಹೊತ್ತು ತರುವ ಬದಲು ವಿಂಡೋಸಿನಲ್ಲಿ ಆಗಲೇ ಇರುವ, ವೆಬ್ ಪುಟ ತೋರಿಸುವ ವೆಬ್‌ವ್ಯೂ2 ಬಳಸಿಕೊಳ್ಳುತ್ತದೆ, ಹಾಗಾಗಿ ಫೈಲ್ ಕೆಲವೇ ಎಂಬಿ. 2022ರಲ್ಲಿ ಮೊದಲ ಆವೃತ್ತಿ, 2024ರಲ್ಲಿ ಎರಡನೆಯದು. ನನಗಿದು ಇಷ್ಟ. ಆದರೆ ಒಳಗೆ ಕೈ ಹಾಕಬೇಕೆಂದರೆ ರಸ್ಟ್ ಭಾಷೆ ಬರಬೇಕು. ನೀವು ಕೆಲಸ ಬಿಟ್ಟು ಬೆಂಗಳೂರಿನ ಕಂಪನಿ ಸೇರಿದರೆ ಚಿಕ್ಕಬಳ್ಳಾಪುರದ ಗಿರಾಕಿಗೆ ರಸ್ಟ್ ರಿಪೇರಿ ಮಾಡುವವನನ್ನು ಎಲ್ಲಿಂದ ತರುತ್ತೀರಿ?

ಫ್ಲಟರ್ ಬಗ್ಗೆ ಕೇಳಿದ ಹುಡುಗನಿಗೆ: ಮೊಬೈಲ್ ಆ್ಯಪೇ ನಿನ್ನ ಮುಖ್ಯ ಸರಕಾಗಿದ್ದರೆ ಹಿಡಿ. ವೆಬ್‌ಗೆ 2021ರಲ್ಲಿ, ವಿಂಡೋಸಿಗೆ 2022ರಲ್ಲಿ ಗಟ್ಟಿಯಾಗಿ ಬಂದಿದೆ. ಆದರೆ ಬ್ರೌಸರಿನಲ್ಲಿ ಅದು ಪುಟ ಬರೆಯುವುದಿಲ್ಲ, ಚಿತ್ರ ಬಿಡಿಸುತ್ತದೆ. ಮೊದಲ ಸಲ ತೆರೆಯಲು ಭಾರ, ಕನ್ನಡ ಫಾಂಟನ್ನು ಜೊತೆಗೇ ಕಳಿಸಬೇಕು, ಆಡಿಟರ್ ಕಂಟ್ರೋಲ್ ಎಫ್ ಒತ್ತಿ ಹೆಸರು ಹುಡುಕಿದರೆ ಸಿಗುವುದಿಲ್ಲ. ಇಡೀ ದಿನ ಅಂಕಿ ತುಂಬುವ ಕೌಂಟರಿಗೆ ನಾನಂತೂ ಹಾಕಲಾರೆ. ಈಗಾಗಲೇ ಸಿ ಶಾರ್ಪ್ ಬರುವವರಿಗೆ ಬ್ಲೇಝರ್ ಇದೆ: ಅದೇ ಪರದೆಗಳು ಬ್ರೌಸರಿನಲ್ಲೂ, ವಿನ್‌ಫಾರ್ಮ್ಸ್ ಕಿಟಕಿಯೊಳಗೂ ತೆರೆದುಕೊಳ್ಳುತ್ತವೆ. ಹಳೇ ಡೆಸ್ಕ್‌ಟಾಪ್ ಸಾಫ್ಟ್‌ವೇರನ್ನು ಒಂದೊಂದೇ ಪರದೆಯಾಗಿ ವೆಬ್ಬಿಗೆ ಸಾಗಿಸಲು ಇದಕ್ಕಿಂತ ನೆಮ್ಮದಿಯ ದಾರಿ ನಾನು ಕಂಡಿಲ್ಲ.

ಕನ್ನಡದ ಗೋಳು

ಹಳೇ ಡೆಸ್ಕ್‌ಟಾಪ್ ಸಾಫ್ಟ್‌ವೇರುಗಳಲ್ಲಿ ರೈತರ ಹೆಸರು ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಕೂತಿರುತ್ತದೆ. ಅದು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ. ಬ್ರೌಸರಿಗೆ ತಂದ ದಿನ ವೇಷ ಕಳಚಿ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ. ಮೊದಲು ಪರಿವರ್ತನೆ, ಆಮೇಲೆ ಮಿಕ್ಕಿದ್ದು. ಹೀಗೆ ಪರಿವರ್ತಿಸಿದ ಮೇಲೂ ಒಂದು ಸೂಕ್ಷ್ಮ ಉಳಿಯುತ್ತದೆ. "ರಾಜ್‌ಕುಮಾರ್" ಎಂದು ಬರೆಯುವಾಗ ಜಕಾರದ ಮುಂದೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಅದಿಲ್ಲದೆ ಬರೆದರೆ "ರಾಜ್ಕುಮಾರ್". ಮನುಷ್ಯರಿಗೆ ಒಬ್ಬನೇ ಆಸಾಮಿ, ಡೇಟಾಬೇಸಿಗೆ ಇಬ್ಬರು. ಹುಡುಕುವಾಗ ಆ ಚಿಹ್ನೆಯನ್ನು ಕಿತ್ತು ಹೋಲಿಸುವಂತೆ ಕೋಡ್ ಬರೆಯದಿದ್ದರೆ ಒಬ್ಬನ ಬಾಕಿ ಎರಡು ಖಾತೆಯಲ್ಲಿ ಹರಿದುಹೋಗುತ್ತದೆ.

ಪ್ರಿಂಟಿನಲ್ಲಿ ಇನ್ನೊಂದು. ಮೂರಿಂಚಿನ ಥರ್ಮಲ್ ಪ್ರಿಂಟರಿಗೆ ಸಾಮಾನ್ಯವಾಗಿ ಕನ್ನಡ ಗೊತ್ತಿಲ್ಲ. ಅಕ್ಷರಗಳನ್ನು ಚಿತ್ರ ಮಾಡಿ ಕಳಿಸಬೇಕು. ಈ ಒಂದು ವಿಷಯದಲ್ಲಿ ಬ್ರೌಸರೇ ಗೆಲ್ಲುತ್ತದೆ: ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿ, ಚಿತ್ರವಾಗಿ ಪ್ರಿಂಟರಿಗೆ ದಾಟಿಸುವ ಕೆಲಸವನ್ನು ಅದು ತಾನೇ ಮಾಡುತ್ತದೆ.

ನಾನು ಈಗ ಕಟ್ಟುವ ಬಗೆ

ಜಿಎಸ್‌ಟಿ ಪೋರ್ಟಲ್ ಬರೀ ವೆಬ್‌ಸೈಟ್ ತಾನೇ? ಆದರೂ ಅಲ್ಲಿ ಡಿಜಿಟಲ್ ಸಹಿ ಹಾಕಬೇಕಾದರೆ ಎಂಸೈನರ್ ಎಂಬ ಸಣ್ಣ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತಿರಬೇಕು, ಟೋಕನ್ ಮುಟ್ಟುವ ಕೆಲಸ ಅದರದು. ಅದೇ ಉಪಾಯವನ್ನು ನಾನೂ ಹಿಡಿದಿದ್ದೇನೆ. ಲೆಕ್ಕದ ನಿಯಮಗಳೆಲ್ಲ ಸರ್ವರಿನಲ್ಲಿ ಒಂದೇ ಕಡೆ. ಪರದೆಗಳೆಲ್ಲ ವೆಬ್. ಕೌಂಟರಿನಲ್ಲಿ ಮಾತ್ರ ಪ್ರಿಂಟರ್, ತೂಕ ನೋಡಿಕೊಳ್ಳುವ ಪುಟ್ಟ ಸಹಾಯಕ ಪ್ರೋಗ್ರಾಂ, ಬ್ರೌಸರ್ ಅದರ ಜೊತೆ ಕಂಪ್ಯೂಟರಿನ ಒಳಗೇ ಮಾತಾಡುತ್ತದೆ. ಈಚಿನ ಕ್ರೋಮ್ ಇದಕ್ಕೆ ಒಮ್ಮೆ ಅನುಮತಿ ಕೇಳುತ್ತದೆ, "ಬ್ಲಾಕ್" ಒತ್ತಬೇಡಿ ಎಂದು ಗುಮಾಸ್ತನಿಗೆ ಮೊದಲೇ ಹೇಳಿಡಿ. ನೆಟ್ ಹೋದರೂ ನಿಲ್ಲಬಾರದ ಮಂಡಿಗಳಲ್ಲಿ ಅಂಗಡಿಯ ಒಂದು ಕಂಪ್ಯೂಟರೇ ಸಣ್ಣ ಸರ್ವರ್. ಪಕ್ಕದ ಕೌಂಟರುಗಳು ಲ್ಯಾನ್ ಕೇಬಲಿನಲ್ಲಿ ಅದನ್ನೇ ಬ್ರೌಸರಿನಿಂದ ತೆರೆಯುತ್ತವೆ, ನೆಟ್ ಇದ್ದಾಗ ಅದು ಹೊರಗಿನ ಸರ್ವರಿಗೆ ನಕಲು ಕಳಿಸುತ್ತದೆ, ಮಗ ಅದನ್ನು ನೋಡುತ್ತಾನೆ.

ಹೊರಗೆ ಹೋಗುವುದು ನಕಲು ಮಾತ್ರ, ಅಲ್ಲಿಂದ ತಿದ್ದುಪಡಿ ಒಳಗೆ ಬರುವುದಿಲ್ಲ ಎಂದು ಇಟ್ಟರೆ ಕೆಲಸ ಸುಲಭ. ಎರಡೂ ಕಡೆ ಬರೆಯಬೇಕೆಂದ ಕ್ಷಣ ಶ್ರಮ ಹೆಚ್ಚುಕಡಿಮೆ ಎರಡರಷ್ಟು. ಇದನ್ನು ನಾನು ಏಟು ತಿಂದು ಕಲಿತೆ. ಅದೇ ತಿಪಟೂರಿನ ಅಂಗಡಿಯಲ್ಲಿ ಎರಡು ಕೌಂಟರೂ ನೆಟ್ ಇಲ್ಲದೆ ಬೇರೆ ಬೇರೆ ಬಿಲ್ ಹಾಕುವಂತೆ ಮಾಡಿದ್ದೆ. ಸಂಜೆ ನೆಟ್ ಬಂದು ಎರಡೂ ಕೂಡಿದಾಗ 412 ನಂಬರಿನ ಬಿಲ್ ಎರಡು, ಇಬ್ಬರು ಗಿರಾಕಿಗಳ ಕೈಯಲ್ಲಿ. ಜಿಎಸ್‌ಟಿಯ 46ನೇ ನಿಯಮದ ಪ್ರಕಾರ ಬಿಲ್ ಸಂಖ್ಯೆ 16 ಅಕ್ಷರ ಮೀರದೆ, ಅನುಕ್ರಮವಾಗಿ, ಆ ಹಣಕಾಸು ವರ್ಷದಲ್ಲಿ ಒಂದೇ ಸಲ ಬರಬೇಕು. ಮದ್ದೂ ಅದೇ ನಿಯಮದಲ್ಲಿದೆ: ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಬಹುದು. ಈಗ ಪ್ರತಿ ಕೌಂಟರಿಗೂ ಅದರದೇ ಮುನ್ನಕ್ಷರ, ಅದರದೇ ಎಣಿಕೆ.

ಯಾರಿಗೆ ಯಾವುದು

ಒಂದೇ ಅಂಗಡಿ, ಒಂದೇ ಹಳೇ ಕಂಪ್ಯೂಟರ್, ಹೊರಗಿಂದ ಯಾರೂ ನೋಡಬೇಕಿಲ್ಲ, ತಿಂಗಳ ಖರ್ಚು ಬೇಡ ಅನ್ನುವವರು ಡೆಸ್ಕ್‌ಟಾಪಿನಲ್ಲೇ ಇರಿ. ದಿನವೂ ಪೆನ್‌ಡ್ರೈವಿಗೆ ಬ್ಯಾಕಪ್ ಹಾಕಿ, ಆ ಪೆನ್‌ಡ್ರೈವ್ ಮನೆಗೆ ಒಯ್ಯಿರಿ. ಸೇಲ್ಸ್ ಹುಡುಗರು, ಎರಡು ಮೂರು ಗೋಡೌನ್, ಆಡಿಟರ್ ಎಂದು ಹರಡಿಕೊಂಡಿರುವ ವಿತರಕರಿಗೆ ಅಪ್ಪಟ ವೆಬ್, ಬೇಕಾದರೆ ಪಿಡಬ್ಲ್ಯೂಎ. ತೂಕ, ಟೋಕನ್, ಪ್ರಿಂಟರ್ ಎಲ್ಲ ಇದ್ದು ಯಂತ್ರಗಳೂ ಹೊಸವಾಗಿದ್ದರೆ ಎಲೆಕ್ಟ್ರಾನ್ ಅಥವಾ ವೆಬ್ ಜೊತೆ ಸಹಾಯಕ ಪ್ರೋಗ್ರಾಂ. ಇವೆರಡರಲ್ಲಿ ನನ್ನ ಒಲವು ಎರಡನೆಯದಕ್ಕೆ, ಯಾಕೆಂದರೆ ಕೌಂಟರಿನಲ್ಲಿ ಅಪ್‌ಡೇಟ್ ಮಾಡಬೇಕಾದ ಭಾಗ ತೀರಾ ಚಿಕ್ಕದು. ಕೋಲಾರದ ಯಜಮಾನರಿಗೆ ಹೇಳಿದ್ದು ಅಂಗಡಿಯೊಳಗಿನ ಸರ್ವರ್, ಹೊರಗೊಂದು ನಕಲು. ಮೊದಲ ಖರ್ಚು ಜಾಸ್ತಿಯೇ: ಸರ್ವರ್ ಆಗುವ ಕಂಪ್ಯೂಟರಿಗೆ ಎಸ್‌ಎಸ್‌ಡಿ, ಒಳ್ಳೆಯ ಯುಪಿಎಸ್ ಎರಡೂ ಬೇಕು.

ಕೊಳ್ಳುವವರು ಕರಾರಿನಲ್ಲಿ ಎರಡು ಸಾಲು ಬರೆಸಿಕೊಳ್ಳಿ. ಡೇಟಾ ಪೂರ್ತಿ ಎಕ್ಸೆಲ್ಲಿಗೆ ಇಳಿಸಿಕೊಳ್ಳುವ ಬಟನ್ ಇರಬೇಕು, ಸರ್ವರಿನ ಖಾತೆ ನಿಮ್ಮ ಹೆಸರಿನಲ್ಲೇ ಇರಬೇಕು. ಡೆಮೊ ತೋರಿಸಲು ಬಂದಾಗ ಅವರ ಲ್ಯಾಪ್‌ಟಾಪಿನಲ್ಲಿ ನೋಡಬೇಡಿ. ನಿಮ್ಮ ಕೌಂಟರಿನ ಯಂತ್ರಕ್ಕೇ ಹಾಕಿಸಿ, ಗುಮಾಸ್ತನನ್ನೇ ಕೂರಿಸಿ, ಮೌಸ್ ಎತ್ತಿಟ್ಟು ಹತ್ತು ಬಿಲ್ ಹೊಡೆಸಿ. ಆರನೇ ಬಿಲ್ಲಿನಲ್ಲಿ ಯಾರಿಗೂ ಹೇಳದೆ ರೌಟರಿನ ವೈರ್ ಕಿತ್ತುಬಿಡಿ. ಯಜಮಾನರು ನನ್ನ ಮುಂದೆಯೇ ಹಾಗೆ ಮಾಡಿದರು. ಏಳನೇ ಪಟ್ಟಿ ಹೊರಬಂತು, ಎಂಟನೆಯದೂ ಬಂತು. ಒಂಬತ್ತನೆಯದಕ್ಕೆ ಪ್ರಿಂಟರಿನ ಪೇಪರ್ ರೋಲ್ ಮುಗಿದಿತ್ತು.